ಸಕ್ಕರೆ ಆರತಿಯ ವಿಮಾನ

ಸಕ್ಕರೆಯಲ್ಲಿ ವಿಮಾನ ಮಾಡುವ ವಿಚಾರ ಮೊದಲು ಯಾರ ತಲೆಯಲ್ಲಿ ಹುಟ್ಟಿತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಬಂದವರ ಮುಂದೆ ಹೊಗಳುವ ಪ್ರಸಂಗವಿದ್ದರೆ ಅದು ಅವ್ವನ ವಿಚಾರ. ಬೈಯುವ ಪ್ರಸಂಗವಿದ್ದರೆ ನನ್ನದು. ನಾನು ಎರಡಕ್ಕೂ ಹೂಂ ಅನ್ನುತ್ತೇನೆ. ಹೊಟ್ಟೆ ಮುಂದೆ ಬಂದು ಕೂದಲು ಹಿಂದೆ ಸರಿದ ಈ ವಯಸ್ಸಿನಲ್ಲಿ ಮನುಷ್ಯ ಜಗಳಕ್ಕಿಂತ ನಿದ್ದೆಯನ್ನು ಹೆಚ್ಚು ಪ್ರೀತಿಸಬೇಕು. ನನಗೆ ನಿದ್ದೆಯೂ ನೆಟ್ಟಗೆ ಬರುವುದಿಲ್ಲ, ಆ ಮಾತು ಬೇರೆ. ಮಳೆ ಬಂದರೆ ಅಂಗಡಿಯ ಬೆಲ್ಲ ಒಸರೀತೆಂದೂ, ಬರದಿದ್ದರೆ ಬೆಲ್ಲ ಕೊಳ್ಳುವವರು ಬಾರರೆಂದೂ ಚಿಂತೆ ಮಾಡುವವರ ಪೈಕಿ ನಾನು.

ಬೈಲಹೊಂಗಲದಲ್ಲಿ ನಮ್ಮದು ಕಿರಾಣಿ ಅಂಗಡಿ. ನಾನು ಹೇಳುತ್ತಿರುವ ಕಾಲಕ್ಕೆ ದೊಡ್ಡ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನನ್ನ ತಮ್ಮ ಪಲ್ಟಣ ಸೇರಿ ಸಮುದ್ರದಾಚೆ ಬಸರಾ ಕಡೆ ಹೋಗಿದ್ದ. ಬಂದೂಕು ಹಿಡಿದವನಲ್ಲ, ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದ. ದಸರೆಯ ಹೊತ್ತಿಗೆ ರಜೆಯ ಮೇಲೆ ಬಂದಾಗ ಅವನ ಹೇಸರಗತ್ತೆಗಳ ಯೋಗಕ್ಷೇಮವನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ ಕಥೆ. ಅಲ್ಲಿ ಸಿಪಾಯಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹಾರುವ ದೊಡ್ಡ ವಿಮಾನಗಳು ಬಂದಿದ್ದವು. ಅಂಥದೊಂದು ವಿಮಾನ ಒಮ್ಮೆ ಇವನನ್ನೂ ಎತ್ತಿಕೊಂಡು ಮರಳುಗಾಡು ದಾಟಿಸಿತ್ತು.

ಸಂಜೆ ಮಾಳಿಗೆಯ ಮೇಲೆ ಕಂಬಳಿ ಹಾಸಿ ಕುಳಿತಾಗ ಅವನು ಹೇಳುತ್ತಿದ್ದ. ಹಗಲು ಇನ್ನೂ ಪೂರ್ತಿ ಹೋಗಿರುತ್ತಿರಲಿಲ್ಲ. ಹತ್ತಿಯ ಹೊಲಗಳ ಮೇಲೆ ಒಂದು ನಮೂನೆಯ ಬೂದಿ ಬಣ್ಣದ ಬೆಳಕು ನಿಂತಿರುತ್ತಿತ್ತು.

"ಬಾಂಬ್ ಒಗಿಯೂ ಇಮಾನ ಬ್ಯಾರೆ ಅಣ್ಣಾ. ಇದು ಮಂದೀನ್ನ ಒಯ್ಯೂದು. ಹೊಟ್ಟಿ ಅಂದ್ರ ಗಬ್ಬಾದ ಎಮ್ಮಿ ಹೊಟ್ಟಿ. ಒಳಗ ಬೆತ್ತದ ಕುರ್ಚೆ ಅದಾವ, ಗೋಡಿಗುಂಟ ದುಂಡನ್ನ ಕಿಡಕಿ ಅದಾವ. ರೆಕ್ಕಿ ಮಾತ್ರ ಒಂದರ ಮ್ಯಾಲ ಒಂದು, ಎರಡ ಅಂತಸ್ತಿನ ಮನಿ ಇದ್ದಂಗ."

"ಹೆದರಿಕಿ ಬರಲಿಲ್ಲೇನೊ?" ಎಂದೆ.

"ಬಂದಿತ್ತು. ಕಿಡಕ್ಯಾಗಿಂದ ಕೆಳಗ ನೋಡಿದೆ. ಯಾರೋ ಒಣಾ ಹಾಕಿ ಮರತ ಹೋದ ಸೀರಿಗತೆ ನದಿ ಬಿದ್ದಿತ್ತು. ಆಮ್ಯಾಲ ಹೆದರಿಕಿ ಎಲ್ಲೆ ಹೋತೋ ಗೊತ್ತಾಗಲಿಲ್ಲ."

ಅವನು ಸುಮ್ಮನಾದ ಮೇಲೂ ನನಗೆ ಮಾಳಿಗೆ ಗುಂಯ್ಗುಡುತ್ತಿರುವಂತೆ ಅನ್ನಿಸುತ್ತಿತ್ತು. ಕೆಳಗಿನ ಮನೆ, ದನ, ಅವ್ವ, ಬೆಲ್ಲದ ಪೆಂಟೆಗಳು ಎಲ್ಲ ಸೇರಿ ಇಡೀ ಓಣಿಯೇ ಮೆಲ್ಲಗೆ ನೆಲ ಬಿಟ್ಟಂತೆ. ಆಗ ನಾನು ಕಂಬಳಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಆ ಕಥೆ ನಮ್ಮ ಮಾಳಿಗೆಯ ಮೇಲೆಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ತಮ್ಮನಿಗೆ ಉಗರಗೋಳದ ಒಂದು ಹುಡುಗಿ ನಿಶ್ಚಯವಾಗಿತ್ತು. ನೋಡಲು ಹೋದ ದಿನ ಇವನು ಎದ್ದು ಹೊರಡುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಿದ್ದ. ಒಳಗಿನಿಂದ ಒಂದು ನಗೆ ಕೇಳಿತ್ತು. ಆ ನಗೆಯನ್ನು ಇವನು ಹಣೆಯ ಊತಕ್ಕಿಂತ ಬಹಳ ದಿನ ಇಟ್ಟುಕೊಂಡ. ಆದರೆ ಉಗರಗೋಳವೆಂದರೆ ಎಲ್ಲಮ್ಮನ ಗುಡ್ಡದ ಬುಡ. ನಾಲ್ಕೂ ದಿಕ್ಕಿನ ಮಂದಿ ಬರುವ ಜಾಗ. ಸುದ್ದಿಗಳೂ ಅವರ ಗಂಟಿನಲ್ಲೇ ಬರುತ್ತವೆ. ರಾಮದುರ್ಗದ ಕಡೆಯಿಂದ ಬಂದ ಯಾರೋ "ನಿಮ್ಮ ಅಳಿಯ ಆಕಾಶದಾಗ ಅಡ್ಯಾಡತಾನಂತ" ಎಂದು ಹುಡುಗಿಯ ಅಜ್ಜಿಯ ಕಿವಿಗೆ ಹಾಕಿದರು. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ. ಆಕೆ ಹೇಳಿ ಕಳಿಸಿದಳು: ನೆಲದ ಮೇಲೆ ನಡೆಯುವವನೆಂದು ಹೂಂ ಅಂದಿದ್ದೆವು. ಗೌರಿ ಹುಣ್ಣಿಮೆಗೆ ಬರ್ರಿ, ಆ ದಿನ ವಿಚಾರ ಮಾಡೋಣ.

ಅದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಯ ದಿನ ಗಂಡಿನ ಮನೆಯವರು ಸೀರೆ ಮತ್ತು ಸಕ್ಕರೆ ಆರತಿ ಒಯ್ಯಬೇಕು. ಆನೆ, ಒಂಟೆ, ಗಿಳಿ, ಗೋಪುರ ಎಂದು ಅಚ್ಚಿನಲ್ಲಿ ಹೊಯ್ದ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹುಡುಗಿ ಗೌರಿಗೆ ಬೆಳಗುತ್ತಾಳೆ. ಆಮೇಲೆ ಅವನ್ನು ಮುರಿದು ಮನೆಮಂದಿ ತಿಂದರೆ ಸಂಬಂಧ ಗಟ್ಟಿ. ಮುರಿಯದೆ ಬುಟ್ಟಿಯಲ್ಲಿಟ್ಟು ತಿರುಗಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಯಾರೂ ಯಾರಿಗೂ ಕೆಟ್ಟ ಮಾತು ಆಡಬೇಕಾಗಿಲ್ಲ.

ತಮ್ಮನ ತಾಟಿನಲ್ಲಿ ರೊಟ್ಟಿ ಅರ್ಧ ಉಳಿಯತೊಡಗಿತು. ಹುಣ್ಣಿಮೆಯ ಬೆನ್ನಿಗೆ ಅವನು ಪಲ್ಟಣಕ್ಕೆ ತಿರುಗಿ ಹೋಗಬೇಕಿತ್ತು. ಬಸರಾದ ಬಿಸಿಲಿನಲ್ಲಿ ಕುಳಿತು ಅರ್ಧ ರೊಟ್ಟಿ ತಿನ್ನುವ ಅವನ ಚಿತ್ರ ನನ್ನ ಕಣ್ಣಿಗೆ ಕಟ್ಟಿ ನನ್ನ ಊಟವೂ ಕೆಟ್ಟಿತು. ಹಾಗೆ ಊಟ ಕೆಟ್ಟ ಒಂದು ಮಧ್ಯಾಹ್ನ ನಾನು ಅವ್ವನಿಗೆ ಹೇಳಿದೆ: ಅವರು ಹೆದರಿದ್ದು ನೋಡದೇ ಇರುವ ವಸ್ತುವಿಗೆ. ಒಮ್ಮೆ ಕಣ್ಣಿಂದ ನೋಡಿದರೆ, ಓಹೋ, ಇದು ಮೇಲೆ ಹೋಗುವ ಸವಾರಿ ಬಂಡಿ ಇಷ್ಟೇ, ಎಂದು ಸಮಾಧಾನವಾದೀತು. ಆನೆ ಒಂಟೆಗಳ ಜೊತೆಗೆ ಒಂದು ವಿಮಾನವನ್ನೂ ಸಕ್ಕರೆಯಲ್ಲಿ ಮಾಡಿ ಒಯ್ಯೋಣ.

ಅವ್ವ ಅಕ್ಕಿ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. "ಹುಲಿಗಿ ಅಂಜಿದಾಕಿ ಮುಂದ ಹುಲಿ ಮರೀನ್ನ ಕಟ್ಟಿ ಬಂದಂಗ ಆತು ನಿನ್ನ ಶ್ಯಾಣ್ಯಾತನ" ಎಂದಳು. ಒಂದು ಹರಳು ಆರಿಸಿ ಒಗೆದು, "ಕಿತ್ತೂರಾಗಿನ ಬಡಿಗ್ಯಾನ ಕಡೆ ಹೋಗು. ಅಚ್ಚು ಅಂದ್ರ ಅವನ ಕೈಯಾಗಿಂದ" ಎಂದಳು. ವಿಚಾರ ಅವ್ವನದೆಂದು ಹೇಳುವವರು ಈ ಎರಡನೆಯ ಮಾತನ್ನು ಹಿಡಿದಿದ್ದಾರೆ.

ತಮ್ಮನನ್ನು ಕರೆದುಕೊಂಡು ಕಿತ್ತೂರಿಗೆ ಹೋದೆ. ಬಡಿಗ ಮುದುಕ, ತೇಗದ ತುಂಡೊಂದನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕುಳಿತಿದ್ದ. ತಮ್ಮ ಎರಡೂ ಕೈ ಚಾಚಿ ವಿಮಾನವಾಗಿ ನಿಂತು ತೋರಿಸಿದ.

"ಇದು ಏನ ತಿಂತೈತಿ?" ಎಂದು ಮುದುಕ ಕೇಳಿದ.

"ತಿನ್ನೂದಿಲ್ಲ ಅಜ್ಜಾ, ಎಣ್ಣಿ ಕುಡಿತೈತಿ."

"ಕಾಲ ಎಷ್ಟು?"

"ಕಾಲಿಲ್ಲ, ಗಾಲಿ ಅದಾವ."

"ಹಂಗಾರ ಬಂಡಿ ಅನ್ನು. ಎತ್ತ ಎಲ್ಲೆ ಕಟ್ಟತಾರ?"

"ಎತ್ತ ಇಲ್ಲ. ಎರಡೂ ಕಡೆ ಪಂಕಾ ತಿರಗತಾವ, ಅವ ಎಳೀತಾವ."

ಮುದುಕ ನನ್ನ ಕಡೆ ತಿರುಗಿದ. "ಸಾವಕಾರ್ರ, ಹುಡುಗಗ ಬಿಸಲ ಬಡದೈತೇನು?"

ಆದರೂ ಒಪ್ಪಿಕೊಂಡ. ಅಚ್ಚಿನ ಕೆಲಸ ವಿಚಿತ್ರವಾದದ್ದು. ಕೆತ್ತುವವನು ವಸ್ತುವನ್ನು ಕೆತ್ತುವುದಿಲ್ಲ, ವಸ್ತು ಇರಬೇಕಾದ ಖಾಲಿ ಜಾಗವನ್ನು ಕೆತ್ತುತ್ತಾನೆ. ಮುದುಕನ ಉಳಿಯ ಕೆಳಗೆ ಮರದೊಳಗೆ ಒಂದು ವಿಮಾನದ ಇಲ್ಲದಿರುವಿಕೆ ಮೆಲ್ಲಗೆ ಆಳವಾಗುತ್ತಿದ್ದುದನ್ನು ನಾನು ನೋಡುತ್ತ ಕುಳಿತೆ. ಅದರಲ್ಲಿ ಬೆರಳಿಟ್ಟರೆ ಹೊಟ್ಟೆಯ ತಿರುವು ತಣ್ಣಗೆ ಸಿಗುತ್ತಿತ್ತು. ಆಕಾಶದಲ್ಲಿ ಅದು ಹಾರಿಹೋದ ಮೇಲೆ ಉಳಿಯುವ ಗುರುತು ಹೀಗೇ ಇರಬಹುದು ಎಂದುಕೊಂಡು, ಆಮೇಲೆ ಇಂಥ ವಿಚಾರಗಳಿಂದ ಅಂಗಡಿ ನಡೆಯುವುದಿಲ್ಲ ಎಂದು ಹೆದರಿ, ತೇಗದ ಪುಡಿ ಕೊಡವಿಕೊಂಡು ಎದ್ದೆ.

ಅಚ್ಚುಗಳನ್ನು ತರಲು ಹೋದ ದಿನ ಹೊಟ್ಟೆಗೆ ಒಂದು, ರೆಕ್ಕೆಗೆ ಒಂದು, ಬಾಲಕ್ಕೆ ಒಂದು ಬೇರೆ ಬೇರೆ ಸಿದ್ಧವಾಗಿದ್ದವು. ಎಲ್ಲ ತಮ್ಮ ಹೇಳಿದಂತೆಯೇ ಇತ್ತು. ಆದರೆ ಮೂತಿಯ ಎರಡೂ ಕಡೆ ದೊಡ್ಡ ಬಾದಾಮಿಯಂಥ ಕಣ್ಣುಗಳಿದ್ದವು, ಕುತ್ತಿಗೆಯಿರಬಹುದಾದಲ್ಲಿ ಒಂದು ಗೆಜ್ಜೆಸರವಿತ್ತು.

"ಅಜ್ಜಾ, ಇದಕ್ಕ ಕಣ್ಣ ಇರೂದಿಲ್ಲ" ಎಂದ ತಮ್ಮ.

"ನಿನಗ ಕಂಡಿರಾಕಿಲ್ಲ. ನೀ ಹೊಟ್ಟ್ಯಾಗ ಕುಂತಿದ್ದಿ."

"ಗೆಜ್ಜಿನೂ ಇಲ್ಲ."

"ನನ್ನ ಕೈಯಾಗಿಂದ ಬರೇ ಕೊರಳಿಲೆ ಒಂದೂ ಪ್ರಾಣಿ ಹೋಗಿಲ್ಲ. ಇನ್ನ ಈ ವಯಸ್ಸಿನ್ಯಾಗ ಸುರು ಮಾಡೂದಿಲ್ಲ."

ದಾರಿಯುದ್ದಕ್ಕೂ ತಮ್ಮ ಮುಖ ಊದಿಸಿಕೊಂಡೇ ಬಂದ. ನನಗೆ ಬೇರೆಯೇ ಚಿಂತೆ. ಪಲ್ಟಣದ ಗುಟ್ಟನ್ನು ಸಕ್ಕರೆಯಲ್ಲಿ ಬಯಲು ಮಾಡಿದ್ದಕ್ಕೆ ಮಾಮಲೇದಾರರು ಕರೆಸಿದರೆ ಏನು ಹೇಳಬೇಕು? ಕೊನೆಗೆ ಆ ಕಣ್ಣುಗಳೇ ನನಗೆ ಧೈರ್ಯ ಕೊಟ್ಟವು. ಇಷ್ಟು ಚೆಂದದ ಕಣ್ಣಿರುವುದನ್ನು ಯಾವ ಸರಕಾರವೂ ತನ್ನದೆಂದು ಒಪ್ಪಲಾರದು.

ಅವ್ವ ಪಾಕ ಮಾಡಿದಳು. ಅಚ್ಚುಗಳನ್ನು ನೀರಲ್ಲಿ ನೆನೆಸಿ, ದಾರದಿಂದ ಬಿಗಿದು ಸಾಲಾಗಿ ನಿಲ್ಲಿಸಿದ್ದೆವು. ಕುದಿಯುವ ಸಕ್ಕರೆಗೆ ಅವಳು ಹಾಲು ಚಿಮುಕಿಸಿದಾಗ ಹೊಲಸೆಲ್ಲ ನೊರೆಯಾಗಿ ಮೇಲೆ ಬಂತು. ಅದನ್ನು ತೆಗೆದ ಮೇಲೆ ಉಳಿದದ್ದು ಬರೀ ಹೊಳಪು. ಆನೆ ಒಂಟೆಗಳು ಒಂದೇ ಏಟಿಗೆ ಎದ್ದು ಬಂದವು. ವಿಮಾನ ಮಾತ್ರ ಸತಾಯಿಸಿತು. ಅದರ ಹೊಟ್ಟೆ ಪೊಳ್ಳಾಗಿರಬೇಕೆಂದು ನನ್ನ ಹಟ. ಅಂಚು ಗಟ್ಟಿಯಾಗುತ್ತಲೇ ಅಚ್ಚನ್ನು ಬೋರಲು ಮಾಡಿ ಒಳಗಿನ ಪಾಕವನ್ನು ತಿರುಗಿ ಪಾತ್ರೆಗೆ ಸುರಿಯಬೇಕು.

"ಹೊಟ್ಟಿ ಯಾಕ ಪೊಳ್ಳ? ಬೀಗರು ನಮ್ಮನ್ನ ಜೀನ ಅಂದಾರು" ಎಂದಳು ಅವ್ವ.

"ಒಳಗ ಮಂದಿ ಕುಂದರಬೇಕಲ್ಲವ್ವಾ."

"ಸಕ್ಕರ್ಯಾಗ ಯಾವ ಮಂದಿ ಕುಂದರತಾರೊ ಯಪ್ಪಾ" ಅಂದಳು. ಆದರೂ ಬೋರಲು ಮಾಡಿದಳು.

ಒಂದು ಹೊಟ್ಟೆ ಅಚ್ಚಿಗೇ ಅಂಟಿತು, ಇನ್ನೊಂದು ಬಿಡಿಸುವಾಗ ಸೀಳಿತು. ಕೊನೆಗೊಂದು ಮೊಟ್ಟೆಯ ಚಿಪ್ಪಿನಂತೆ ಇಡಿಯಾಗಿ ಹೊರಬಂತು. ಕಾಸಿದ ದಬ್ಬಣದಿಂದ ತಮ್ಮ ಕಿಟಕಿ ಕೊರೆದ. ಪಾಕವನ್ನೇ ಅಂಟು ಮಾಡಿ ರೆಕ್ಕೆ ಕೂಡಿಸಿದೆವು. ಗಾಲಿಗೆ ಅಂಗಡಿಯಿಂದ ಬತ್ತಾಸು ತಂದೆ.

ಮಧ್ಯಾಹ್ನ ಅದನ್ನು ಒಳಕೋಣೆಯ ಮಣೆಯ ಮೇಲೆ ಇಟ್ಟಾಗ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ನೇರ ಅದರ ಮೇಲೆ ಬಿತ್ತು. ಬಿಸಿಲು ಸಕ್ಕರೆಯನ್ನು ದಾಟಿ ಒಳಗೆ ಹೋಯಿತು. ಇಡೀ ಹೊಟ್ಟೆ ಹಾಲುಬೆಳಕಾಯಿತು. ನಾನು ನೆಲದ ಮೇಲೆ ಬೋರಲು ಮಲಗಿ ಒಂದು ಕಿಟಕಿಗೆ ಕಣ್ಣಿಟ್ಟೆ. ಒಳಗೆ ಏನೂ ಇರಲಿಲ್ಲ; ಆದರೆ ಆ ಏನೂ ಇಲ್ಲದ್ದು ಬಹಳ ದೊಡ್ಡದಿತ್ತು. ಬಿಳಿ ಗೋಡೆ, ಬಿಳಿ ನೆಲ, ಆಚೆ ಕಿಟಕಿಯಿಂದ ಬರುವ ದುಂಡು ಬೆಳಕು. ಎಷ್ಟು ಹೊತ್ತು ನೋಡಿದೆನೋ, ಅಲ್ಲಿ ಬೆತ್ತದ ಕುರ್ಚಿಗಳು ಸಾಲಾಗಿ ಕಾಣತೊಡಗಿದವು. ತಮ್ಮ ಬಂದು ನನ್ನ ಪಕ್ಕಕ್ಕೇ ಮಲಗಿ ಇನ್ನೊಂದು ಕಿಟಕಿಗೆ ಕಣ್ಣು ಹಚ್ಚಿದ. "ನಾ ಕುಂತಿದ್ದು ಇಲ್ಲೆ" ಎಂದ ಮೆಲ್ಲಗೆ. ಅವ್ವ ಬಂದು ನಮ್ಮಿಬ್ಬರನ್ನು ನೋಡಿ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಹುಣ್ಣಿಮೆಯ ದಿನ ನಸುಕಿನಲ್ಲೇ ಬಂಡಿ ಹೂಡಿ ನಾನೊಬ್ಬನೇ ಹೊರಟೆ. ಗಂಡು ಆರತಿಯ ಜೊತೆ ಹೋಗುವ ರೂಢಿಯಿಲ್ಲ. ಆಳು ಎತ್ತು ಹೊಡೆಯುತ್ತಿದ್ದ. ನಾನು ಹಿಂದೆ, ಅರಳೆ ತುಂಬಿದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಪ್ರತಿ ಕುಣಿಗೂ ನನ್ನ ಜೀವ ಒಂದು ಸಲ ಹೋಗಿ ಬರುತ್ತಿತ್ತು. ಇಬ್ಬನಿಯಿಂದ ರೆಕ್ಕೆ ಜಿನುಗಿದರೆ? ಇರುವೆ ಹತ್ತಿದರೆ? ಬಿಸಿಲೇರಿದ ಮೇಲೆ ಆ ಚಿಂತೆಗಳೂ ದಣಿದವು. ಎರಡೂ ಕಡೆ ಜೋಳ ಎದ್ದು ನಿಂತಿತ್ತು, ಗಾಳಿ ಬೀಸಿದರೆ ಹೊಲವೆಲ್ಲ ಒಮ್ಮೆ ಬಾಗಿ ಏಳುತ್ತಿತ್ತು. ಮಲಪ್ರಭೆ ದಾಟುವಾಗ ನೀರು ಗಾಲಿಯ ನಡುವಿನವರೆಗೆ ಬಂದು, ಗಾಲಿಯ ಸದ್ದು ಒಮ್ಮೆಲೇ ನಿಂತುಬಿಟ್ಟಿತು. ಎತ್ತುಗಳ ಹೆಜ್ಜೆಯೂ ಕೇಳಿಸಲಿಲ್ಲ. ನನಗೆ ಜೊಂಪು ಹತ್ತಿರಬೇಕು. ಬುಟ್ಟಿಯ ಅರಳೆ ಮೋಡವಾಗಿ ಬಂಡಿಯ ತುಂಬ ಹರಡಿತ್ತು. ಕೆಳಗೆ ನದಿ, ಅದರ ಕೆಳಗೆ ಇನ್ನೊಂದು ಆಕಾಶ. ನಾನು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದೆ, ಚಿಂತೆ ಮಾಡಲು ಏನಾದರೂ ಸಿಕ್ಕೀತೆಂದು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಆಚೆ ದಂಡೆಯ ಕಲ್ಲಿಗೆ ಗಾಲಿ ಬಡಿದಾಗ ಎಚ್ಚರವಾಯಿತು. ಬುಟ್ಟಿಯಲ್ಲಿ ಎಲ್ಲ ಇದ್ದಂತೆಯೇ ಇತ್ತು.

ಸವದತ್ತಿ ದಾಟಿ ಉಗರಗೋಳ ಮುಟ್ಟುವಾಗ ಹೊತ್ತು ಇಳಿದಿತ್ತು. ಬೀಗರು ಕಾಲಿಗೆ ನೀರು ಕೊಟ್ಟು ಪಡಸಾಲೆಯಲ್ಲಿ ಕೂರಿಸಿದರು. ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಅರಳೆ ಸರಿಸಿ ಒಂದೊಂದಾಗಿ ತೆಗೆದಿಟ್ಟೆ. ಆನೆಗೆ ತಲೆಯಾಡಿಸಿದಳು, ಒಂಟೆಗೆ ತಲೆಯಾಡಿಸಿದಳು. ವಿಮಾನ ಬಂದಾಗ ತಲೆ ನಿಂತಿತು.

"ಇದೇನ್ರಿ ಬೀಗ್ರ, ಮೀನೊ ಹದ್ದೊ?"

"ಇಮಾನ್ರಿ. ನಮ್ಮ ತಮ್ಮ ಕುಂತ ಹೋಗಿದ್ದು ಇಂಥಾದ್ರಾಗ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಆಕೆ ಕೇಳದಿದ್ದರೂ ನಾನೇ ಮುಂದುವರಿಸಿದೆ. ಇದು ಲಡಾಯಿ ಮಾಡುವುದಿಲ್ಲ, ಬರೀ ಮಂದಿಯನ್ನು ಒಯ್ಯುತ್ತದೆ; ಗಾಳಿಗೆ ಹೊರಳುವುದಿಲ್ಲ; ಬೆಂಕಿ ಹತ್ತುವುದು ಕಡಿಮೆ; ಸುಮ್ಮಸುಮ್ಮನೆ ಬೀಳುವುದಿಲ್ಲ.

"ಬೀಳತೈತಿ ಅಂತ ನಾವು ಅಂದಿದ್ದಿಲ್ಲಲ್ಲ" ಎಂದಳು ಅಜ್ಜಿ. "ಬೆಂಕೀದೂ ಈಗ ಕೇಳಿದಿವಿ."

ಆಕೆ ಬಾಗಿ ಅದರ ಮೂತಿಯನ್ನು ಬಹಳ ಹೊತ್ತು ನೋಡಿದಳು. "ಕಣ್ಣ ಚಲೋ ಅದಾವ" ಎಂದಷ್ಟೇ ಹೇಳಿ, "ಆರತಿಗಿ ಇಡ್ರಿ" ಎಂದಳು.

ಹುಣ್ಣಿಮೆಯ ಚಂದ್ರ ಗುಡ್ಡದ ಹಿಂದಿನಿಂದ ಎದ್ದು ಬಂದ. ಓಣಿಯ ಹೆಣ್ಣುಮಕ್ಕಳೆಲ್ಲ ತಟ್ಟೆ ಹಿಡಿದು ಹಾಡುತ್ತ ಗುಡಿಯೊಳಗೆ ಗೌರಿಯ ಮುಂದೆ ನೆರೆದರು. ಹುಡುಗಿಯ ತಟ್ಟೆಯಲ್ಲಿ ನಮ್ಮ ವಿಮಾನ, ಅದರ ಹಿಂದೆಯೇ ಒಂದು ಹಣತೆ. ಅವಳು ತಟ್ಟೆ ಎತ್ತಿದಾಗ ಹಣತೆಯ ಬೆಳಕು ಹೊಟ್ಟೆಯೊಳಗೆ ಹೊಕ್ಕು ಕಿಟಕಿಗಳೆಲ್ಲ ಹೊತ್ತಿಕೊಂಡವು. ತಟ್ಟೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಗುಡಿಯ ಕತ್ತಲಲ್ಲಿ ಅವಳ ಕೈಯೂ ಕಾಣಲಿಲ್ಲ, ತಟ್ಟೆಯೂ ಕಾಣಲಿಲ್ಲ; ದೀಪ ಹಚ್ಚಿಕೊಂಡ ಒಂದು ಬಿಳಿ ವಿಮಾನ ಹಾಡಿನ ಮೇಲೆ ಸುತ್ತುತ್ತಿತ್ತು.

ಮನೆಗೆ ಬಂದ ಮೇಲೆ ಗೊಂಬೆಗಳನ್ನು ಮುರಿಯುವ ಹೊತ್ತು. ಅಜ್ಜಿ ಆನೆಯನ್ನು ಎತ್ತಿಕೊಳ್ಳದೆ ವಿಮಾನವನ್ನೇ ಎರಡೂ ಕೈಯಲ್ಲಿ ತೆಗೆದುಕೊಂಡಳು. ನಂತರ ಹಾಗೆಯೇ ಕುಳಿತಳು.

"ಬೀಗ್ರ, ಇದನ್ನ ಹೆಂಗ ಮುರೀಲಿ? ಹುಡುಗ ಕುಂತ ಹೋಗೂದನ್ನ ನನ್ನ ಕೈಲೆ ಲಟಕ್ ಅಂತ ಮುರದ್ರ ನಾಳೆ ಏನರ ಆದ್ರ?"

ಜಗತ್ತಿನಲ್ಲಿ ಆಗಬಹುದಾದ ಕೇಡುಗಳನ್ನೆಲ್ಲ ಮುಂಚೆಯೇ ಎಣಿಸಿಡುವ ನಾನು ಇದೊಂದನ್ನು ಎಣಿಸಿರಲಿಲ್ಲ. ಮುರಿದರೆ ಅಪಶಕುನ, ಮುರಿಯದಿದ್ದರೆ ಸಂಬಂಧ ಇಲ್ಲ. ಎರಡರ ನಡುವೆ ತಮ್ಮನ ಲಗ್ನವನ್ನು ನಾನೇ ಪಾಕ ಹೊಯ್ದು ಕೂರಿಸಿದ್ದೆ.

"ಆನಿ ಮುರೀರಿ, ಒಂಟಿ ಮುರೀರಿ. ಅಷ್ಟ ಸಾಕು" ಎಂದೆ.

"ಆನಿ ನಿಮ್ಮ ಮನ್ಯಾಗಿಂದ ಯಾರನ್ನ ಹೊತ್ತೈತಿ? ಹುಡುಗಂದು ಅಂತ ತಂದೀರಿ, ಅದನ್ನ ಬಿಟ್ಟು ಆನಿ ತಿಂದ್ರ ಆನೀಗಿ ಹೂಂ ಅಂದಂಗ ಆತು." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ವಿಮಾನವನ್ನು ಮೆಲ್ಲಗೆ ನನ್ನ ಬುಟ್ಟಿಯ ಅರಳೆಯ ಮೇಲೆ ಇಟ್ಟಳು. "ಇದು ಇಡೀದು ಇರಲಿ. ಅವನೂ ನೆಟ್ಟಗ ಇರಲಿ. ನಮಗ ಇದು ಒಗ್ಗೂದಿಲ್ಲ."

ಅರಳೆ ಮುಚ್ಚಬೇಕೆಂದು ನಾನು ಕೈ ಚಾಚಿದೆ; ಕೈ ಅಲ್ಲೇ ನಿಂತಿತು.

ಅಡಿಗೆಮನೆಯ ಬಾಗಿಲಿಂದ ಹುಡುಗಿ ಹೊರಗೆ ಬಂದಳು. ಅವಳ ಕೈಯಲ್ಲಿ ಹಾಲಿನ ದೊಡ್ಡ ತಾಮ್ರದ ಪಾತ್ರೆ ಇತ್ತು, ಇನ್ನೂ ಉಗಿಯಾಡುತ್ತಿತ್ತು. ನನ್ನ ಕಡೆ ನೋಡದೆ ಅದನ್ನು ಅಜ್ಜಿಯ ಮುಂದೆ ಇಟ್ಟಳು.

"ಆಯಿ, ಮುರೀಬ್ಯಾಡ. ಇದರಾಗ ಇಳಸೂನು."

"ಮುಳಗತೈತಲ್ಲ ಹುಚ್ಚಿ."

"ಮುಳಗೂದಿಲ್ಲ, ಇಳೀತೈತಿ. ಇಳಿಯಾಕಂತನ ಗಾಲಿ ಇಟ್ಟಾರ. ಆಮ್ಯಾಲ ಎಲ್ಲಾರೂ ಕುಡಿಯೂನು."

ಅಜ್ಜಿ ಅವಳ ಮುಖ ನೋಡಿದಳು. ಏನು ಕಂಡಿತೋ ನನಗೆ ತಿಳಿಯದು. "ನೀನ ಇಳಸು ಹಂಗಾರ" ಎಂದಳು.

ಹುಡುಗಿ ಬುಟ್ಟಿಯಿಂದ ಅದನ್ನು ಎತ್ತಿಕೊಂಡಳು. ಹಾಲಿನ ಮೇಲೆ ಅಂಗಳದ ಬೆಳದಿಂಗಳು ಬಿದ್ದು ಕೆನೆ ಯಾವುದು ಬೆಳಕು ಯಾವುದು ತಿಳಿಯುತ್ತಿರಲಿಲ್ಲ. ಬತ್ತಾಸಿನ ಗಾಲಿಗಳು ಮೊದಲು ತಾಗಿ ಸದ್ದಿಲ್ಲದೆ ಕರಗಿದವು. ಕಿಟಕಿಗಳಿಂದ ಹಾಲು ಒಳಗೆ ಹೋಯಿತು, ಒಂದೊಂದೇ ಸಾಲು ತುಂಬಿಕೊಂಡಂತೆ. ಹೊಟ್ಟೆ ನಿಧಾನ ಕೂತಿತು. ಮೇಲಿನ ರೆಕ್ಕೆ ಮಾತ್ರ ಕೆನೆಯ ಮೇಲೆ ಸ್ವಲ್ಪ ಹೊತ್ತು ಚಾಚಿಕೊಂಡಿದ್ದು, ಅದೂ ತೆಳ್ಳಗಾಗುತ್ತ ಹೋಯಿತು. ಎಲ್ಲಿಯೂ ಏನೂ ಮುರಿಯಲಿಲ್ಲ. ಯಾರೋ ಮಲಗುವುದನ್ನು ನೋಡಿದಂತಿತ್ತು.

ಅಜ್ಜಿ ಮೊದಲ ಬಟ್ಟಲನ್ನು ತಾನೇ ಎತ್ತಿ ಕುಡಿದಳು. ತುಟಿ ಒರೆಸಿಕೊಂಡಳು.

"ಸಕ್ಕರಿ ಹೆಚ್ಚಾಗೇತಿ" ಎಂದಳು. "ಮುಹೂರ್ತ ತಗಸ್ರಿ ಬೀಗ್ರ. ಹುಡುಗ ಹೋಗೂ ಮೊದಲ ಆಗಲಿ."

ನನಗೆ ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಅಷ್ಟರಲ್ಲೇ ಇಷ್ಟು ಬೇಗ ಮುಹೂರ್ತ ಸಿಕ್ಕೀತೋ ಇಲ್ಲವೋ ಎಂಬ ಹೊಸ ಚಿಂತೆ ಬಂದು ಕುಳಿತು, ಹಳೆಯ ಸ್ನೇಹಿತನಂತೆ.

ಮರುದಿನ ಬೈಲಹೊಂಗಲ ಇನ್ನೂ ದೂರವಿರುವಾಗಲೇ ದಾರಿಯ ಬೇವಿನ ಮರದ ಕೆಳಗೆ ತಮ್ಮ ನಿಂತಿದ್ದ. ಬಂಡಿ ನಿಲ್ಲುವ ಮೊದಲೇ ಬುಟ್ಟಿಗೆ ಕೈ ಹಾಕಿ ಅರಳೆ ತಡಕಿದ.

"ಮುರದ್ರೇನಣ್ಣಾ?"

"ಇಲ್ಲ" ಎಂದೆ. ಅವನ ಮುಖ ಇಳಿಯುವುದನ್ನು ನೋಡಲಾರದೆ ಕೂಡಲೇ ಹೇಳಿದೆ: "ಕುಡದ್ರು."

ಅವನಿಗೆ ಅರ್ಥವಾಗಲಿಲ್ಲ. ಬಂಡಿ ಹತ್ತಿಸಿಕೊಂಡು ಮೊದಲಿನಿಂದ ಹೇಳಿದೆ. ಹಾಲಿನ ಪಾತ್ರೆಯ ಜಾಗಕ್ಕೆ ಬಂದಾಗ ಅವನು ನನ್ನ ತೋಳು ಹಿಡಿದ.

"ಆಕಿನ ಇಳಿಸಿದಳೇನು?"

"ಆಕಿನ."

"ಹಗೂರಕ?"

"ಹಗೂರಕ."

ತಮ್ಮ ಬುಟ್ಟಿಯ ಅರಳೆಯನ್ನು ಮಡಿಲಿಗೆ ಎಳೆದುಕೊಂಡು, ಕಾಲು ಇಳಿಬಿಟ್ಟು, ಹಿಂದೆ ಸರಿಯುತ್ತಿದ್ದ ದಾರಿಯನ್ನು ನೋಡುತ್ತ ಕುಳಿತ. ಓಣಿ ಬಂದರೂ ಇಳಿಯಲಿಲ್ಲ.